ಮಂಗಳದ ಯಂತ್ರಕ್ಕ ಬಿಳಿ ಕಲಿಸಿದ ಮಾಮಾ

ಕೊಲ್ಹಾಪುರದ ನಮ್ಮ ಕಾಲೇಜ್ ಲ್ಯಾಬಿನ್ಯಾಗ ಉಪಕರಣ ಒರಸಿ ಇಡಾಕ ಮಹಾಗಾಂವದ ಒಬ್ರು ಸಿಪಾಯಿ ಇದ್ರು, ನಾವೆಲ್ಲಾ ಮಾಮಾ ಅಂತಿದ್ವಿ. ಟೇಬಲ್ ಮ್ಯಾಲೆ ಬೆರಳ ಎಳದು, ಆ ಬೆರಳ ನಮ್ಮ ಮೂಗಿನ ಮುಂದ ಹಿಡದು ಧೂಳ ತೋರಸಾವ್ರು. "ಮೊದ್ಲ ಬಿಳಿ ತೋರಸಪಾ, ಆಮ್ಯಾಲ ಕಲ್ಲು," ಅಂತ ದಿನಾ ಹೇಳಾವ್ರು.

ನಾ ಮಾಡಿದ್ದು ಅಂಗೈಯಷ್ಟ ಸ್ಪೆಕ್ಟ್ರೋಮೀಟರ್. ಮಂಗಳ ಗ್ರಹದಾಗ ಕಲ್ಲಿಂದ ಬರೋ ಬೆಳಕ ನೋಡಿ ಖನಿಜ ಗುರ್ತಿಸೋ ಯಂತ್ರ. ಅದಕ್ಕ ಮೊದ್ಲ ಒಂದು ಬಿಳಿ ಬಿಲ್ಲೆ ತೋರಿಸಿ, ಬಿಳಿ ಅಂದ್ರ ಇದ ಅಂತ ಕಲಿಸಬೇಕು. ಪರೀಕ್ಷಕರು ಒಪ್ಪಿದ್ರ ಡಿಗ್ರಿ, ಇಲ್ಲಂದ್ರ ಇನ್ನೊಂದ ವರ್ಷ.

ಪರೀಕ್ಷೆ ದಿನ ಯಂತ್ರಕ್ಕ ಬಿಲ್ಲೆ ತೋರಿಸಿ, ಕಬ್ಬಿಣದಿಂದನ ಕೆಂಪಾದ ಕಲ್ಲು ಇಟ್ಟೆ. ಯಂತ್ರ ಕಬ್ಬಿಣನ ಇಲ್ಲ ಅಂತು. ನಾ ಎದಿ ಉಬ್ಬಿಸಿ, "ಹೊಸಾ ಖನಿಜ ಇರಬೇಕ್ರಿ ಸರ್," ಅಂದೆ.

"ಯಂತ್ರ ಕೆಟ್ಟೈತಿ," ಅಂತ ಪರೀಕ್ಷಕರು ನಪಾಸ್ ಬರ್ಯಾಕ ಪೆನ್ ತಗದ್ರು.

ಮಾಮಾ ಬಿಲ್ಲೆ ಎತ್ತಿ ಮೂಸಿದ್ರು. "ಮಟನ್ನಿನ ಕೆಂಪು ಸಾರು, ತಾಂಬಡಾ ರಸ್ಸಾ ರೀ ಸಾಹೇಬ್ರ! ಇಂವ ಉಂಡ ಕೈಲೆ ಹಿಡದಾನ. ಯಂತ್ರ ಆ ಕೆಂಪು ಎಣ್ಣಿನೇ ಬಿಳಿ ಅಂತ ತಿಳಕೊಂಡೈತಿ, ಕೆಂಪು ಕಲ್ಲೂ ಅದಕ್ಕ ಬೆಳ್ಳಗ ಕಾಣತೈತಿ."

ಬಿಲ್ಲೆ ತೊಳದು ತೋರಿಸಿ ಮತ್ತ ಕಲ್ಲು ಇಟ್ವಿ, ಯಂತ್ರ ಕಬ್ಬಿಣ ಐತಿ ಅಂತು. ಪರೀಕ್ಷಕರು ನಕ್ಕೋತ ಪಾಸ್ ಅಂತ ಸಹಿ ಹಾಕಿದ್ರು.

ಮಾಮಾ ಅಂದ್ರು, "ಯಂತ್ರ ಮಂಗಳಕ್ಕ ಹೋಗ್ಲಿ ಬಿಡ್ರಿ. ಇಂವನ್ನ ಮಾತ್ರ ಕಳಸಬ್ಯಾಡ್ರಿ, ಅಲ್ಲಿ ಕೈ ತೊಳ್ಯಾಕ ನೀರ ಇಲ್ಲ."