ಸಾಧು ಅಂದ್ರೆ ನಮ್ಮಮ್ಮ

ತಮಿಳುನಾಡಿಗೆ ಸೇರಿದ ಬಾಗಲೂರು ಕಡೆಯ ನಮ್ಮೂರಲ್ಲಿ ‘ಸಾಧು’ ಅನ್ನಿಸಿಕೊಳ್ಳಲು ಕಾವಿ ಉಡಬೇಕಿಲ್ಲ. ಒದೆಯದೆ ಹಾಲು ಕೊಡುವ ಹಸು ಸಾಧು, ಎದುರು ಮಾತಾಡದ ಸೊಸೆ ಸಾಧು. ಹೊಗಳಿಕೆಯೇನೋ ಹೌದು, ಆದರೆ ಹೊಗಳಿದ ಮರುಗಳಿಗೆ ಒಂದು ಕೆಲಸ ಹೇಳುತ್ತಾರೆ. ನಮ್ಮಮ್ಮ ಊರಿಗೆಲ್ಲ ಸಾಧು. ಮದುವೆಮನೆಯಲ್ಲಿ ಕಡೇ ಪಂಕ್ತಿ, ನಲ್ಲಿಯಲ್ಲಿ ಕಡೇ ಬಿಂದಿಗೆ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

ಹೋದ ಸುಗ್ಗಿಯಲ್ಲಿ, ಪಕ್ಕದ ಜಮೀನು ಕೊಂಡು ಲೇಔಟ್ ಮಾಡುತ್ತಿದ್ದವನೊಬ್ಬ ನಮ್ಮ ಹೊಲಕ್ಕಿದ್ದ ಒಂದೇ ಬಂಡಿದಾರಿಗೆ ಬೇಲಿ ಹಾಕಲು ಕಲ್ಲುಕಂಬ ತಂದಿಳಿಸಿದ. ದಾರಿ ಹೋದರೆ ಹೊಲವೂ ಹೋದ ಹಾಗೆ. ಅವನು ಕೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳಬೇಕು. “ಆ ಮನೆಯೋರು ಸಾಧು, ಏನೂ ಅನ್ನಲ್ಲ” ಎಂದು ಅವನಿಗೆ ಧೈರ್ಯ ಹೇಳಿದವನು ನಮ್ಮ ಇನ್ನೊಂದು ಪಕ್ಕದ ಹೊಲದ ಮುದುಕ.

ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತೆ.

“ಸುಮ್ಕಿರು. ನೀನು ಹೋಗಿ ಸರ್ವೆಯೋರ್ನ ಕರ್ಕೊಂಬಾ. ಅಲ್ಲೀಗಂಟ ನಾನು ನೋಡ್ಕತೀನಿ” ಎಂದಳು ಅಮ್ಮ.

ಮರುದಿನ ಕೂಲಿಯವರು ಬರುವಷ್ಟರಲ್ಲಿ ಅಮ್ಮ ಬಂಡಿದಾರಿಯ ಉದ್ದಕ್ಕೂ ಸಗಣಿ ಸಾರಿಸಿ ರಾಗಿ ಹರವಿದ್ದಳು. ದಾರಿ ಕಣವಾಗಿಬಿಟ್ಟಿತ್ತು. ಚಪ್ಪಲಿ ಮೆಟ್ಟಿಕೊಂಡು ಕಣಕ್ಕೆ ಯಾರಾದರೂ ಇಳಿಯುತ್ತಾರೆಯೇ? ಗುಂಡಿ ತೋಡಲು ಬಂದವರೂ ಮುದ್ದೆ ಉಣ್ಣುವ ಜನವೇ. ಹಾರೆ ಕೆಳಗಿಟ್ಟು ನಿಂತರು. ಅಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟು, “ಒಣಗೋಗಂಟ ತಡ್ಕಳ್ರಪ್ಪ” ಎಂದಳು. ಲೇಔಟಿನವನು ಗಂಟಲು ಹರಿಯುವಂತೆ ಕೂಗಾಡಿದ. ಅವಳು ತಲೆ ಎತ್ತದೆ ರಾಗಿ ತಿರುವಿಹಾಕಿದಳು.

ಮೂರು ದಿನ ಆ ರಾಗಿ ಒಣಗಿತೋ ಒಣಗಿತು. ನಾನು ಕಾರ್ಖಾನೆಗೆ ರಜೆ ಹಾಕಿ, ಅರ್ಜಿ ಕೊಟ್ಟು, ಸರ್ವೆಯವರ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಅವರು ಬಂದು, ನಕ್ಷೆ ಬಿಚ್ಚಿ, ಅಳೆದು, ತಮಿಳಿನಲ್ಲಿ “ವಂಡಿಪ್ಪಾದೈ” ಎಂದರು. ಸರ್ಕಾರದ ಬಂಡಿದಾರಿ, ಯಾರೂ ಮುಚ್ಚುವಂತಿಲ್ಲ! ಕಂಬಗಳು ಬಂದ ಟ್ರಾಕ್ಟರಿನಲ್ಲೇ ವಾಪಸು ಹೋದವು. ನಾನು ನಾಚಿಕೆಬಿಟ್ಟು ಅಲ್ಲೇ ಕುಣಿದೆ. ಅಮ್ಮ ರಾಗಿ ರಾಶಿ ಮಾಡಿ, ಮೊದಲ ಮೊರ ಆ ಕೂಲಿಯವರ ಟವಲಿಗೇ ಸುರಿದಳು.

ಈಗಲೂ ಊರು ಅಮ್ಮನನ್ನು ಸಾಧು ಅಂತಲೇ ಅನ್ನುತ್ತದೆ. ಮೊನ್ನೆ ಪಕ್ಕದ ಹೊಲದಲ್ಲಿ ಆ ಮುದುಕನ ಮಗ ಉಳುತ್ತ ಉಳುತ್ತ ನಮ್ಮ ಬದುವಿನ ಮೇಲೆ ಟ್ರಾಕ್ಟರು ಹತ್ತಿಸಲು ಬಂದ. ಮುದುಕ ಅಲ್ಲಿಂದಲೇ ಕೂಗಿಕೊಂಡ: “ಲೇ, ಆ ಕಡೀಕೆ ಹೋಗ್ಬ್ಯಾಡ ಕಣ್ಲಾ! ಆಯಮ್ಮ ಸಾಧು!”