ಬಾಗಿಲ ಪಕ್ಕದ ಜಾಗ

ಹೊಸದಾಗಿ ಕೆಲಸ ಕೇಳಿ ಬಂದವಳ ಹೆಸರನ್ನು ಗೌರವ್ವ ಕೇಳುತ್ತಿರಲಿಲ್ಲ. ಕೆಂಡದ ಮೇಲೆ ಒಂದು ಹಿಡಿ ಮೆಣಸಿನ ಬೀಜ ಉದುರಿಸಿ, ಅವಳ ಮುಖ ನೋಡುತ್ತಿದ್ದಳು.

ಮೊಬೈಲು ಇನ್ನೂ ಸಾವ್ಕಾರರ ಕೈಗಷ್ಟೇ ಬಂದಿದ್ದ ಕಾಲ. ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜಿನ ಗೋಡೆಗೆ ಹೊಂದಿಕೊಂಡಿದ್ದ ಶೆಡ್ಡಿನಲ್ಲಿ ನಾವೊಂದಿಷ್ಟು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಗೌರವ್ವ ನಮ್ಮ ಮೇಸ್ತ್ರಿ. ಅವಳ ಲೆಕ್ಕದಲ್ಲಿ ಬೀಜದ ಹೊಗೆಯಲ್ಲಿ ಅಲುಗದೆ ಕುಳಿತವಳು ಗಟ್ಟಿಗಿತ್ತಿ, ಎದ್ದು ಓಡಿದವಳು ಪುಕ್ಕಲಿ. "ಘಾಟು ಅಂಜಿಕಿ ಹುಟ್ಟಸೂದಿಲ್ಲಬೇ, ಒಳಗ ಇದ್ದದ್ದನ್ನ ಎಬ್ಬಸತೈತಿ ಅಷ್ಟ" ಅನ್ನುತ್ತಿದ್ದಳು. ತಾನು ಮಾತ್ರ ಆ ಹೊಗೆಯಲ್ಲಿ ಕಲ್ಲಿನಂತೆ ಕುಳಿತಿರುತ್ತಿದ್ದಳು.

ನಾನು ಓಡಿದ್ದೆ. ಎದೆ ಬಡಿದುಕೊಂಡು, ಉಸಿರು ಸಿಗದೆ, ಸತ್ತೇ ಹೋದೆ ಅಂತ ಚೀರಿದ್ದೆ.

"ಬಾಗಲಾ ಬಾಜೂಕ ಕುಂದರಸ್ರಿ ಈಕಿನ್ನ, ಓಡಾಕ ಸಲೀಸ ಆಗತೈತಿ" ಅಂದಳು ಗೌರವ್ವ. ಎಲ್ಲರೂ ನಕ್ಕರು. ಅವತ್ತಿನಿಂದ ಬೀದಿಯ ಧೂಳು, ಕೂಲಿ ಹುಟ್ಟದ ಒಡಕು ಕಾಯಿಯ ರಾಶಿ ನನ್ನ ಪಾಲು.

"ಏನಬೇ ಪುಕ್ಕಲಿ, ಇವತ್ತ ಎಷ್ಟ ಸಲ ಸತ್ತಿ?"

"ನಿನ್ನ ಮಾರಿ ನೋಡಿದಾಗೊಮ್ಮೆ, ಗೌರವ್ವ."

ಆ ಮಾತಿಗೆ ಇನ್ನೊಂದು ಚೀಲ ಒಡಕು ಕಾಯಿ ಬಂದು ಬೀಳುತ್ತಿತ್ತು. ಅವಳಿಗೆ ನಾನು ಒಳ್ಳೆಯದನ್ನು ಬಯಸಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಕೋಲ್ಡ್ ಸ್ಟೋರೇಜಿನ ಅಮೋನಿಯಾ ಗ್ಯಾಸಿನ ಪೈಪು ಬಿರಿಯಿತು. ಘಾಟು ಶೆಡ್ಡಿಗೆ ನುಗ್ಗಿ ಕಣ್ಣಿಗೆ ಸುಣ್ಣ ಹಾಕಿದಂತಾಯಿತು. ನಾನು ಎದ್ದೆ.

"ಕುಂದರಬೇ. ಎದ್ದಾಕಿ ನಾಳೆ ಕೆಲಸಕ್ಕ ಬರಬ್ಯಾಡ" ಅಂದಳು ಗೌರವ್ವ.

ಕೂಲಿಗೆ ಹೆದರಿ ಯಾರೂ ಏಳಲಿಲ್ಲ. ನನ್ನ ಕಾಲು ಮಾತ್ರ ಕೂಲಿಯ ಮಾತು ಕೇಳಲಿಲ್ಲ. ಬಾಗಿಲು ಒದ್ದು "ಹೊರಗ ಬರ್ರೇ" ಎಂದು ಕೂಗಿದೆ. ಒಬ್ಬಳು ಎದ್ದದ್ದೇ ಉಳಿದವರೆಲ್ಲ ಹಿಂದೆಯೇ ಓಡಿಬಂದರು. ಗೌರವ್ವ ಬರಲಿಲ್ಲ.

ಹೊಸ್ತಿಲಿಂದ ನೋಡಿದೆ. ಕೈ ರಾಶಿಯಲ್ಲೇ ಇತ್ತು, ಕಣ್ಣು ತೆರೆದೇ ಇತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಆಗ ತಿಳಿಯಿತು: ಇಷ್ಟು ವರ್ಷ ನಾವು ಗಟ್ಟಿತನ ಅಂದುಕೊಂಡದ್ದು ಇದನ್ನೇ. ಘಾಟು ಬಡಿದರೆ ನನ್ನ ಕಾಲು ಓಡುತ್ತದೆ, ಅವಳದು ಹೂತುಹೋಗುತ್ತದೆ. ಹೆದರಿಕೆ ಇಬ್ಬರದೂ ಒಂದೇ.

ಸೆರಗು ಮೂಗಿಗೆ ಒತ್ತಿಕೊಂಡು ಒಳಹೊಕ್ಕು ತುರುಬು ಹಿಡಿದು ಎಳೆತಂದೆ. ಕರುಣೆಗಿಂತ ಸಿಟ್ಟೇ ಹೆಚ್ಚಿತ್ತು.

ಉಸಿರು ಮರಳಿದ ಕೂಡಲೇ ಅವಳು ನನ್ನ ಕೆನ್ನೆಗೆ ಬಾರಿಸಿದಳು. "ಎಲ್ಲಾರ ಮುಂದ ನನ್ನ ತುರಬ ಹಿಡಿತಿ?" ಮರುದಿನದಿಂದ ಅವಳು ಶೆಡ್ಡಿಗೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕುಳಿತು ಹೊರಟಿದ್ದೆ. ಮೋಟೆಬೆನ್ನೂರಿನಲ್ಲಿ ಗೌರವ್ವ ಬಸ್ಸು ಹತ್ತಿದಳು. ನಡುವಿನ ಖಾಲಿ ಸೀಟು ತೋರಿಸಿದೆ. ಅವಳು ಕದಲಲಿಲ್ಲ, ದುರುಗುಟ್ಟಿ ನೋಡಿದಳು.

"ಅದಲ್ಲ. ನೀ ಏಳು. ಬಾಗಲಾ ಬಾಜೂಕಿಂದು ನನಗ ಬೇಕು."

ಎದ್ದು ಕೊಟ್ಟೆ. ರಾಣೆಬೆನ್ನೂರು ಬರುವ ತನಕ ಬಾಗಿಲನ್ನೇ ನೋಡುತ್ತ ಕುಳಿತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.