ಅತ್ತಿಗೆಯ ಚಿಕಿತ್ಸೆ, ಅಮ್ಮನ ಮಾತ್ರೆ

ನಮ್ಮ ಅತ್ತಿಗೆ ದೊಡ್ಡಾಸ್ಪತ್ರೆಯ ಡಾಕ್ಟರ್ ಕೆಲಸ ಬಿಟ್ಟಾಗ ಅಣ್ಣನಿಗಿಂತ ಹೆಚ್ಚು ಕೂಗಾಡಿದವಳು ನಾನು. ಅಷ್ಟು ಓದಿದವರು, ಕೈಗುಣ ಒಳ್ಳೆಯದೆಂದು ಹೆಸರಾದವರು, ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಳ್ಳುತ್ತಾರೆಯೇ?

"ರೋಗಿಗಳು ಕೂತ್ಕೊಳ್ಳೋ ಮುಂಚೆನೇ ಚೀಟಿ ಬರೆದು ಮುಗಿಸ್ತಿದ್ದೆ ಕಣೇ. ಒಬ್ಬರ ಮುಖಾನೂ ನೆನಪಿಲ್ಲ," ಎಂದರು ಅತ್ತಿಗೆ. ಆದರೂ ನಾನು ಗೊಣಗಿದೆ.

ಎರಡು ಬೀದಿ ಆಚೆ, ಟೈಲರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ತಮ್ಮದೇ ಕ್ಲಿನಿಕ್ ತೆರೆದರು. ಬಂದವರ ಊಟ, ನಿದ್ದೆ, ಮನೆಯ ಜಗಳ, ಎಲ್ಲವನ್ನೂ ಸಾವಧಾನವಾಗಿ ಕೇಳುವರು. ಬೇಕಾದವರಿಗೆ ಔಷಧಿಯನ್ನೂ ಬರೆಯುವರು. ಟೈಲರನ ಹೆಗಲುನೋವಿಗೆ ಮಾತ್ರ ಏನೂ ಬರೆಯದೆ ಕೆಳಗಿಳಿದು ಹೋಗಿ, ಅವನ ಮೆಷಿನ್ನಿನ ಮುಂದೆ ತಾವೇ ಕೂತು ನೋಡಿದರು. ಸ್ಟೂಲು ತೀರಾ ಕುಳ್ಳಗಿತ್ತು. ಎತ್ತರದ್ದು ಬಂತು, ನೋವು ಹೋಯಿತು. ಖುಷಿಗೆ ಅವನು ಹೊಲಿದುಕೊಟ್ಟ ಬಿಳಿ ಕೋಟಿನ ತೋಳು ಮೊಣಕೈಗೇ ನಿಂತಿತ್ತು, ಅದು ಬೇರೆ ಮಾತು.

ಮಾತ್ರೆಗಿಂತ ಸೊಪ್ಪು ತರಕಾರಿಯ ಮಾತೇ ಹೆಚ್ಚೆಂದು ಚಿಕ್ಕಪ್ಪ ಅತ್ತಿಗೆಗೆ 'ಸೊಪ್ಪಿನ ಡಾಕ್ಟ್ರು' ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗಲೆಲ್ಲ ಅಮ್ಮನಿಗೆ ಮೈಯೆಲ್ಲ ಉರಿ. ತನ್ನ ಬಿಪಿಗೆ ಸೊಸೆ ಹೇಳಿದಂತೆ ನಡಿಗೆ, ಪ್ರಾಣಾಯಾಮ, ಉಪ್ಪು ಕಡಿಮೆ, ಒಂದನ್ನೂ ತಪ್ಪಿಸದ ಅಮ್ಮ, ಚಿಕ್ಕಪ್ಪನೆದುರು ಎದೆಯುಬ್ಬಿಸಿ ನಿಲ್ಲುತ್ತಿದ್ದಳು. "ನೋಡಪ್ಪಾ, ಹೇಗಿದೀನಿ! ಎಲ್ಲ ನನ್ನ ಸೊಸೆ ದಯೆ."

ಒಂದು ಬೆಳಿಗ್ಗೆ ತಲೆ ಬಾಚುತ್ತಿದ್ದ ಅಮ್ಮನ ಕೈಯಿಂದ ಬಾಚಣಿಗೆ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅತ್ತಿಗೆ ಒಂದು ಕ್ಷಣವೂ ತಡಮಾಡದೆ, ತಾವೇ ಬಿಟ್ಟುಬಂದ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಜೀವ ಉಳಿಯಿತು, ಮಾತು ಮಾತ್ರ ತೊದಲಾಯಿತು.

"ಬಿಪಿ ಮಾತ್ರೆ ತಗೋತಿದ್ರಾ?" ಎಂದು ಅಲ್ಲಿಯ ಡಾಕ್ಟರು ಕೇಳಿದರು.

"ದಿನಾ ತಪ್ಪದೆ," ಎಂದರು ಅತ್ತಿಗೆ.

ಮಂಚದ ಮೇಲಿದ್ದ ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಎಷ್ಟೋ ದಿನಗಳಿಂದ ಮಾತ್ರೆಯನ್ನು ಬಚ್ಚಲಿಗೆ ಎಸೆಯುತ್ತಿದ್ದಳಂತೆ.

"ಯಾಕತ್ತೆ?"

"ನಿನ್ನ... ಹೆಸರು... ಕೆಡಬಾರ್ದು ಅಂತ." ಡಾಕ್ಟರಮ್ಮನ ಅತ್ತೆಯೇ ಮಾತ್ರೆ ನುಂಗಿದರೆ ಸೊಸೆಯ ಪಥ್ಯದಿಂದ ಏನೂ ಆಗಲಿಲ್ಲವೆಂದು ಜನ ಆಡಿಕೊಳ್ಳುವುದಿಲ್ಲವೇ ಎಂಬುದು ಅಮ್ಮನ ಲೆಕ್ಕ.

ಅತ್ತಿಗೆ ಗೋಡೆಗೆ ಒರಗಿ ನಿಂತರು. "ಊರವರನ್ನೆಲ್ಲ ಕೂರಿಸ್ಕೊಂಡು ಕೇಳಿದೆ. ಮನೇಲಿರೋ ಅತ್ತೇನ ಒಂದ್ಸಲ ಕೇಳ್ಲಿಲ್ಲ." ನನಗೆ ಅವರ ಮೇಲೆ ಕೋಪವೂ ಬಂತು, ಅದೇ ಹೊತ್ತಿಗೆ ಅಯ್ಯೋ ಪಾಪ ಎಂದೂ ಅನ್ನಿಸಿತು. ಅವರಿಗೊಂದು ಕುರ್ಚಿ ಎಳೆದುಕೊಟ್ಟೆ.

ಮನೆಗೆ ಬಂದ ಮೇಲೆ ಅತ್ತಿಗೆ ಕೋಣೆಯನ್ನು ಬಿಟ್ಟುಕೊಡಲು ಹೊರಟರು. ಅಮ್ಮ ಹಟ ಹಿಡಿದಳು. ಊಟ ಬಿಟ್ಟಳು. ಕಡೆಗೆ ಗೆದ್ದವಳು ಅವಳೇ, ಜೊತೆಗೆ ತಾನೂ ಅಲ್ಲಿಗೆ ಬರುತ್ತೇನೆಂಬ ಷರತ್ತು ಬೇರೆ.

ಈಗ ದಿನಾ ಬೆಳಿಗ್ಗೆ ಅಣ್ಣ ಅವಳನ್ನು ಕೈಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಕಾಯುತ್ತಿರುವ ಜನರ ನಡುವೆ ಕೂತು, ಎಲ್ಲರಿಗೂ ಕಾಣುವಂತೆ ಮಾತ್ರೆಯನ್ನು ಎತ್ತಿ ಹಿಡಿದು ನುಂಗುತ್ತಾಳೆ. ಆಮೇಲೆ ಏನೋ ಹೇಳುತ್ತಾಳೆ. ಆ ತೊದಲು ಹೊಸಬರಿಗೆ ತಿಳಿಯುವುದಿಲ್ಲ. ಆಗ ಅತ್ತಿಗೆ ಒಳಗಿನಿಂದ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ.

"ಇವರು ನಮ್ಮತ್ತೆ. ನನ್ನ ಮರ್ಯಾದೆ ಕಾಯೋಕೆ ಅಂತ ಮಾತ್ರೆ ಬಿಟ್ರು, ಮಾತು ಕಳ್ಕೊಂಡ್ರು. ನೀವು ಯಾವ ಮಾತ್ರೆ ಬಿಡೋದಿದ್ರೂ ಮೊದಲು ನನ್ನ ಕೇಳಿ."